ಇಪ್ಪತ್ತಕ್ಕೆ ಹದಿನೇಳು

“ಕೇಳ್ತದವ್ವಾ, ಎಲ್ಲಾ ಕೇಳ್ತದ. ಮಂದೀನ ಈಗೀಗ ಸಣ್ಣ ದನೀಲೆ ಮಾತಾಡೂದು ಕಲ್ತಾರ.”

ಯಂಕಣ್ಣನ ಈ ಮಾತು ಖಾರಘರ ಉಪನಗರದ ಕಿವಿ ತಪಾಸಣೆ ಕ್ಲಿನಿಕ್ಕಿನ ಬಾಗಿಲು ದಾಟಿ, ಹೊರಗೆ ಟೋಕನ್ ಹಿಡಿದು ಕೂತಿದ್ದ ಏಳು ಮಂದಿಗೂ ಕೇಳಿಸಿತು. ಅವರೆಲ್ಲ ನಕ್ಕರು. ಪ್ರಾಜಕ್ತಾ ನಗಲಿಲ್ಲ.

ನಗಬಾರದು ಅನ್ನುವುದು ಅವಳ ಕೆಲಸದ ಮೊದಲ ಪಾಠ. ಗಾಜಿನ ಕೋಣೆಯೊಳಗೆ ಬೆನ್ನು ತಿರುಗಿಸಿ ಕೂತವರ ಕಿವಿಗೆ ಅವಳು ಸಣ್ಣ ಸಣ್ಣ ನಾದ ಬಿಡುತ್ತಾಳೆ. ಕೇಳಿಸಿದರೆ ಅವರು ಕೈಯಲ್ಲಿರುವ ಬಟನ್ ಒತ್ತಬೇಕು. ಒತ್ತಿದರೆ ಅವಳ ಮುಂದಿನ ಮಷೀನಿನಲ್ಲಿ ಪುಟ್ಟ ಹಸಿರು ದೀಪ ಹತ್ತುತ್ತದೆ. ಯಾವಾಗ ನಾದ ಬಿಟ್ಟೆ, ಯಾವಾಗ ಬಿಡಲಿಲ್ಲ ಅನ್ನುವುದು, ಅವರು ಹೊರಳಿ ನೋಡಿದರೂ, ಮುಖದ ಮೇಲೆ ಕಾಣಬಾರದು. ಆರು ವರ್ಷ ಇದನ್ನೇ ಮಾಡಿ ಮಾಡಿ ಅವಳ ಮುಖ ಬ್ಯಾಂಕಿನ ಕೌಂಟರಿನಂತಾಗಿಬಿಟ್ಟಿತ್ತು. ಹುಡುಗಿಗೆ ಒಪ್ಪಿಗೆ ಇದೆಯೋ ಇಲ್ಲವೋ ನೋಡಲು ಬಂದವರಿಗೆ ತಿಳಿಯುವುದೇ ಇಲ್ಲ ಎಂದು ಡೊಂಬಿವಲಿಯ ಮನೆಯಲ್ಲಿ ತಾಯಿ ಪದ್ಮಾವತಿಬಾಯಿ ಗೊಣಗುವುದು ಅದಕ್ಕೇ.

ಯಂಕಣ್ಣ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಮೂವತ್ತೆರಡು ವರ್ಷ ಪ್ಲೇಟು ಹೊತ್ತವನು. ಗಾಜಿನ ಕೋಣೆಯಲ್ಲಿ ಕೂತು, ದೇವಸ್ಥಾನದ ಗಂಟೆ ಬಾರಿಸುವವನಂತೆ ಬಟನ್ ಒತ್ತಿದ್ದೇ ಒತ್ತಿದ್ದು. ಅವಳು ಕೈಕಟ್ಟಿ ಕೂತಾಗಲೂ ದೀಪ ಹತ್ತುತ್ತಿತ್ತು.

ಪರೀಕ್ಷೆ ಮುಗಿಸಿ ಅವಳು ಅವನ ಮಗನನ್ನು ಒಳಗೆ ಕರೆದಳು. ಮೂವತ್ತರ ಮೇಲಿನ ಪ್ರಾಯ, ತೋಳು ಮಡಚಿದ ಅಂಗಿ, ಬಲಗಿವಿಯ ಕೆಳಗೆ ಕಿಡಿ ಸಿಡಿದು ಸುಟ್ಟ ಕಲೆ. ಹೆಸರು ಭೀಮು.

“ನಾವು ಏನೂ ಬಿಡದಿದ್ರೂ ನಿಮ್ಮ ಅಪ್ಪಾರು ಒತ್ತತಾರ. ಅಂಥಾದ್ದು ಬರೀಲಿಕ್ಕೆ ಬರೋದಿಲ್ಲ,” ಅಂದಳು.

“ಯಾಕ ಒತ್ತತಾರ್ರೀ ಹಂಗ?”

“ಕೇಳಬೇಕು ಅಂತ ಭಾಳ ಆಸೆ ಇದ್ರ ಹಂಗಾಗ್ತದ.”

ಅವನು ಆ ಮಾತನ್ನು ಕೈಯಲ್ಲಿ ಹಿಡಿದು ತೂಗಿದವನಂತೆ ಅಂಗೈ ನೋಡಿಕೊಂಡ. ಆಮೇಲೆ ಅವಳ ಮೇಜಿನ ಹೆಡ್‌ಫೋನ್ ನೋಡಿ, ವರ್ಷಕ್ಕೆ ಎಷ್ಟು ಸಲ ಕ್ಯಾಲಿಬ್ರೇಷನ್ ಮಾಡಿಸುತ್ತೀರಿ ಎಂದು ಕೇಳಿದ. ಆರು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಡಾಕ್ಟರರೂ ಕೇಳಿರಲಿಲ್ಲ.

ಅಪ್ಪನ ಚಾರ್ಟಿನಲ್ಲಿ ಗೆರೆ ಚೆನ್ನಾಗಿಯೇ ಬಂದು, ಕೀರಲು ನಾದದ ನಾಲ್ಕು ಸಾವಿರ ಹರ್ಟ್ಸಿನ ಮನೆಯಲ್ಲಿ ಬಾವಿಗೆ ಬಿದ್ದಂತೆ ಇಳಿದಿತ್ತು. ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದಿನಲ್ಲಿ ಬದುಕಿದವರಿಗೆಲ್ಲ ಹೀಗೇ ಎಂದು ಅವಳು ವಿವರಿಸಿದಳು. ಅವನೂ ಅಲ್ಲೇ ಎಂಟು ವರ್ಷ ಗ್ಯಾಸ್ ಕಟಿಂಗ್ ಮಾಡಿದವನೆಂದು ತಿಳಿದಾಗ, ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಅಂದಳು. ಅವನು ನಕ್ಕುಬಿಟ್ಟ.

“ನನ್ನ ಕಿವೀನ ನನ್ನ ಅನ್ನ, ಮೇಡಂ. ಡೊಂಬಿವಲ್ಯಾಗ ಆಡಿಯೋ ದುಕಾನ್ ಅದ. ಮಂದಿ ತಮ್ಮ ಡ್ಯಾಕ್ ಹಿಡ್ಕೊಂಡು ನನ್ನ ಕಿವಿ ಹುಡುಕ್ಕೊಂಡು ಬರ್ತಾರ.” ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿದ. “ನಿಮ್ಮಂಥಾ ಮಾರಿ ನನಗೊಂದು ಬೇಕಾಗಿತ್ತು.”

ಪ್ರಾಜಕ್ತಾ ಹುಬ್ಬೇರಿಸಿದಳು.

“ಅಂದ್ರ, ಏನೂ ತಿಳಿಯದಂಥಾ ಮಾರಿ,” ಎಂದು ಅವನು ತಡವರಿಸಿದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕಿವಿಯ ತುದಿ ಕೆಂಪಾದದ್ದನ್ನು ಅವಳು ನೋಡಿದಳು. ಅವಳ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ.

*

ಮುಂದಿನ ಭಾನುವಾರ ಅವಳು ಆ ಅಂಗಡಿಗೆ ಹೋದದ್ದು ಬರೀ ಕುತೂಹಲಕ್ಕೆ. ಹಾಗಂತ ತನಗೆ ತಾನೇ ಹೇಳಿಕೊಂಡಳು. ಮನೆಯಿಂದ ಹತ್ತು ನಿಮಿಷದ ದಾರಿ, ಡೊಂಬಿವಲಿ ಪೂರ್ವದಲ್ಲಿ ವಡಾಪಾವ್ ಗಾಡಿಯ ಪಕ್ಕ. ಅಗಲ ಒಂಬತ್ತಡಿ, ಉದ್ದ ರೈಲು ಡಬ್ಬಿಯಷ್ಟು.

ಡ್ಯಾಕ್ ಅಂದರೆ ಏನು ಎಂದು ಅವನು ಹೇಳಿಕೊಟ್ಟ ರೀತಿ ಅವಳಿಗೆ ಹಿಡಿಸಿತು. ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಹಾಡು ಹಾಡಾಗಿ ಇರುವುದಿಲ್ಲ, ಬರೀ ಅಂಕಿಗಳಾಗಿ ಇರುತ್ತದೆ. ಸ್ಪೀಕರಿಗೆ ಅಂಕಿ ಓದಲು ಬರುವುದಿಲ್ಲ. ನಡುವೆ ಕೂತು ಅಂಕಿಯನ್ನು ನಾದ ಮಾಡಿಕೊಡುವ ಡಬ್ಬಿಯೇ ಡ್ಯಾಕ್. ಬೆರಳುದ್ದದ ಒಂಬೈನೂರು ರೂಪಾಯಿಯದೂ ಸಿಗುತ್ತದೆ, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದೂವರೆ ಲಕ್ಷದ್ದೂ ಸಿಗುತ್ತದೆ. ಯಾವುದು ಎಷ್ಟಕ್ಕೆ ತಕ್ಕದ್ದು ಎಂದು ಹೇಳುವುದು ಅವನ ಕಸುಬು.

“ಬೆಲಿ ಗೊತ್ತಾತು ಅಂದ್ರ ಕಿವಿ ಕೆಡ್ತದ,” ಅನ್ನುತ್ತಿದ್ದ ಅವನು. “ಡಬ್ಬಿ ಕಂಡ್ರಂತೂ ಮುಗದೇ ಹೋತು. ಕಣ್ಣೇ ಹಾಡು ಕೇಳಾಕ ಶುರು ಮಾಡ್ತದ.”

ಅದಕ್ಕೇ ಅವನ ಕಟ್ಟಳೆ ಬಲು ಬಿಗಿ. ಕೇಳುವವನು ಸ್ಪೀಕರಿನ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಬೇಕು. ಅವನ ಬೆನ್ನ ಹಿಂದೆ ಎರಡು ಡಬ್ಬಿ, ನಡುವೆ ಒಂದು ಸ್ವಿಚ್. ಒಂದೇ ಹಾಡು ಎರಡಕ್ಕೂ ಹೋಗುತ್ತದೆ. ಮೊದಲು ಮೀಟರ್ ಹಿಡಿದು ಎರಡರ ದನಿಯೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸರಿಮಾಡಬೇಕು, ಯಾಕೆಂದರೆ ತುಸು ಜೋರಾಗಿ ಕೇಳಿದ್ದೇ ಮನುಷ್ಯನಿಗೆ ಸಿಹಿ. ಆಮೇಲೆ ಹಿಂದೆ ಕೂತವರು ಸದ್ದಾಗದಂತೆ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದು, ಅಂಕಿ ಬಿದ್ದರೆ ಎರಡು ಎಂದು ಸ್ವಿಚ್ ತಿರುವಿ, ಬರೆದುಕೊಳ್ಳಬೇಕು. ಹಾಡುತ್ತಿರುವುದು ಯಾವ ಡಬ್ಬಿ ಎಂದು ಕೂತವನು ಹೇಳಬೇಕು. ಇಪ್ಪತ್ತು ಸಲ. ಹದಿನೈದು ಸರಿ ಬಂದರೆ ಕಿವಿಗೆ ವ್ಯತ್ಯಾಸ ತಿಳಿದಿದೆ ಎಂದರ್ಥ. ಹತ್ತರ ಆಸುಪಾಸು ಬಂದರೆ ಅದು ನಾಣ್ಯದ ಮಾತು, ಕಿವಿಯದಲ್ಲ. ಲೆಕ್ಕ ಹೇಳುವವರೆಗೆ ಕೂತವನು ತಿರುಗಿ ನೋಡುವಂತಿಲ್ಲ.

ಹೀಗೆ ಪ್ರಾಜಕ್ತಾ ಅವನ ಬೆನ್ನ ಹಿಂದೆ ಕೂರುವವಳಾದಳು. ದುಪಟ್ಟಾದ ಮಡಿಲಲ್ಲಿ ನಾಣ್ಯ ಚಿಮ್ಮುವುದನ್ನು ಅವಳೇ ಕಂಡುಹಿಡಿದಳು.

ಮೊದಲ ತಿಂಗಳೇ ಕಲ್ಯಾಣದಿಂದ ವೀರಭದ್ರಪ್ಪನವರು ಬಂದರು. ರಿಟೈರಾದ ರೈಲ್ವೆ ಕ್ಲರ್ಕು, ಅಳಿಯ ದುಬೈಯಿಂದ ತಂದ ಡ್ಯಾಕನ್ನು ಟವೆಲಿನಲ್ಲಿ ಕೂಸಿನಂತೆ ಸುತ್ತಿಕೊಂಡಿದ್ದರು. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಸಲ ಬಾಯಿ ಚಪ್ಪರಿಸಿ ಹೇಳಿದರು, ಇದು ನಂದೇ, ಹಾಡಾಕಿ ಎದ್ದು ಬಂದು ನನ್ನ ಬಾಜೂಕ ಕುಂತಂಗಾತು ಎಂದು. ಆಗ ಹಾಡುತ್ತಿದ್ದದ್ದು ಆ ಬೆರಳುದ್ದದ ಒಂಬೈನೂರರ ಡ್ಯಾಕ್, ಡಾಂಗಲ್. ಕೊನೆಗೆ ಇಪ್ಪತ್ತಕ್ಕೆ ಹನ್ನೊಂದು ಎಂದು ಕೇಳಿ ಬಹಳ ಹೊತ್ತು ಯೋಚಿಸಿ, ಟವೆಲ್ ಕೊಡವಿ, “ಏನೇ ಅನ್ರಿ, ಡಬ್ಬಿ ಮಾತ್ರ ಚೆಂದ ಅದ,” ಎಂದು ಎದ್ದು ಹೋದರು.

ಅವತ್ತು ಅವರಿಬ್ಬರೂ ಒಟ್ಟಿಗೆ ನಕ್ಕದ್ದು. ಅವಳು ನಗುವುದನ್ನು ಭೀಮು ಅವತ್ತೇ ಮೊದಲು ನೋಡಿದ. ನೋಡುತ್ತ ನಿಂತುಬಿಟ್ಟ, ಚಹಾದ ಕಪ್ಪು ಕೈಯಲ್ಲೇ ಇತ್ತು.

ಅವಳ ಕನ್ನಡವನ್ನು ಅವನು ಚೇಷ್ಟೆ ಮಾಡುತ್ತಿದ್ದ. ವಿಜಯಪುರದ ಮನೆಮಾತು, ಆದರೆ ಹುಟ್ಟಿ ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ. ಹೆಸರಿಟ್ಟವಳೂ ಪಕ್ಕದ ಮನೆಯ ಮರಾಠಿ ಕಾಕು. ಸಿಟ್ಟು ಬಂದರೆ ಮರಾಠಿ, ಲೆಕ್ಕಕ್ಕೆ ಹಿಂದಿ, ಅವ್ವನ ಹತ್ತಿರ ಮಾತ್ರ ಕನ್ನಡ. “ನನ್ನ ಜೋಡಿ ಯಾವುದರಾಗ ಮಾತಾಡ್ತಿ?” ಎಂದು ಅವನು ಒಮ್ಮೆ ಕೇಳಿದಾಗ, ‘ರೀ’ ಯಾವಾಗ ಬಿದ್ದುಹೋಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಪ್ರೇಮಿಗಳು ಕಣ್ಣಲ್ಲಿ ಕಣ್ಣಿಟ್ಟು ಒಬ್ಬರನ್ನೊಬ್ಬರು ಕಲಿಯುತ್ತಾರಂತೆ. ಪ್ರಾಜಕ್ತಾ ಅವನನ್ನು ಕಲಿತದ್ದು ಬೆನ್ನಿನಿಂದ. ಹಾಡು ಹಿಡಿಸಿದರೆ ಎಡಭುಜ ತುಸು ಇಳಿಯುತ್ತದೆ. ಅನುಮಾನ ಬಂದರೆ ಕತ್ತು ಬಲಕ್ಕೆ ವಾಲುತ್ತದೆ. ಕ್ಷೌರ ಮಾಡಿಸಿದ ಮರುದಿನ ಕಲೆಯ ಸುತ್ತ ಚರ್ಮ ಎಳೆಗೂಸಿನದರಂತೆ ಕಾಣುತ್ತದೆ. ಆ ಕಲೆಯ ಮೇಲೆ ಒಂದು ಬೆರಳು ಇಟ್ಟರೆ ಬಿಸಿಯಿರುತ್ತದೋ ತಣ್ಣಗಿರುತ್ತದೋ ಎಂದು ಎಷ್ಟೋ ಭಾನುವಾರ ಅವಳು ಯೋಚಿಸಿದ್ದುಂಟು. ಆಗೆಲ್ಲ ಸ್ವಿಚ್ ತಿರುಗಿಸುವುದು ತಡವಾಗುತ್ತಿತ್ತು.

ಸ್ಪೀಕರುಗಳ ನಡುವೆ ರಿಪೇರಿಗೆ ಬಂದ ದೊಡ್ಡ ಟೀವಿಯೊಂದು ಕಪ್ಪಗೆ ನಿಂತಿತ್ತು. ಪರೀಕ್ಷೆಗೆ ಮುಂಚೆ ಭೀಮು ತಪ್ಪದೆ ಅದಕ್ಕೊಂದು ಹಳೇ ಬೆಡ್‌ಶೀಟು ಹೊದಿಸುತ್ತಿದ್ದ. ಧೂಳಿಗಾಗಿ ಎಂದುಕೊಂಡಿದ್ದಳು ಅವಳು.

“ಧೂಳಿಗಲ್ಲ,” ಅಂದ ಒಂದು ದಿನ, ಬೆಡ್‌ಶೀಟಿನ ತುದಿ ಸರಿಮಾಡುತ್ತ, ಅವಳ ಕಡೆ ನೋಡದೆ. “ಅದರಾಗ ನೀ ಕಾಣ್ತಿ. ನೀ ಕಂಡ್ರ ಹಾಡು ಕೇಳೂದಿಲ್ಲ.”

ಅವಳ ಬ್ಯಾಂಕ್ ಕೌಂಟರಿನ ಮುಖ ಅವತ್ತು ಪೂರ್ತಿ ರಜೆ ಹಾಕಿತು. ಪುಣ್ಯಕ್ಕೆ ಅವನು ತಿರುಗಿ ನೋಡುವಂತಿರಲಿಲ್ಲ.

*

ಭೀಮು ಎರಡು ವರ್ಷದಿಂದ ತನ್ನದೇ ಒಂದು ಡ್ಯಾಕ್ ಕಟ್ಟುತ್ತಿದ್ದ. ಬೋರ್ಡು ತಾನೇ ಬಿಡಿಸಿದ್ದು, ಬಿಡಿಭಾಗ ಒಂದೊಂದಾಗಿ ಆರಿಸಿದ್ದು. ಹೊರಮೈಯ ತಗಡನ್ನು ಕಳಂಬೋಲಿಯಲ್ಲಿ ಅಪ್ಪನ ಗೆಳೆಯರು ಕತ್ತರಿಸಿ ಬಗ್ಗಿಸಿ ಕೊಟ್ಟಿದ್ದರು. ಮೊದಲ ಡಬ್ಬಿಯನ್ನು ಯಂಕಣ್ಣ ಯಾರಿಗೂ ಕೊಡದೆ, ಲೋಕಲ್ಲಿನಲ್ಲಿ ಎರಡು ಕಡೆ ಬದಲಿಸಿ, ಡೊಂಬಿವಲಿಯ ಬ್ರಿಜ್ ಹತ್ತಿ ಇಳಿದು, ಹಮಾಲನ ರೂಢಿಯಂತೆ ತಲೆಯ ಮೇಲೇ ಹೊತ್ತು ತಂದ. ಅದರ ತೂಕ ಎರಡು ಕಿಲೋ.

ಊರಿನವರ ಡಬ್ಬಿಯನ್ನೆಲ್ಲ ತೂಗಿದವನು ತನ್ನದನ್ನು ತೂಗದೆ ಮಾರುವಂತಿರಲಿಲ್ಲ. ದೀಪಾವಳಿಗೆ ಮುಂಚಿನ ಭಾನುವಾರ ಗೊತ್ತುಮಾಡಿಕೊಂಡ. ಹಿಂದಿನ ಸಂಜೆ, ಸ್ಟೇಷನ್ ಹತ್ತಿರ ಅವಳಿಗೆ ಮುಡಿಗೆ ಮಲ್ಲಿಗೆ ಕೊಡಿಸಿ, ಹೂವಿನವಳಿಗೆ ಚಿಲ್ಲರೆ ಎಣಿಸುವ ನೆಪದಲ್ಲಿ ಹೇಳಿದ:

“ಡಬ್ಬಿ ಪಾಸಾತು ಅಂದ್ರ ನಾಳೆ ಬಿಟ್ಟು ಬರೂ ಐತವಾರ ನಿಮ್ಮ ಅವ್ವನ ಮುಂದ ಬಂದು ಕುಂಡ್ರತೀನಿ.”

“ಫೇಲಾದ್ರ?”

“ಮತ್ತ ಕಟ್ಟಬೇಕಲ್ಲ. ಇನ್ನೊಂದು ವರ್ಷ. ಎರಡು. ಕೈಯಾಗ ಏನೂ ಇಲ್ದ ಹಮಾಲನ ಮಗ ಬಂದು ಕುಂತ್ರ ನಿಮ್ಮ ಅವ್ವ ಏನಂದಾಳು?”

ಪ್ರಾಜಕ್ತಾಗೆ ಆಗ ಇಪ್ಪತ್ತೊಂಬತ್ತು ನಡೆಯುತ್ತಿತ್ತು. ಅಕ್ಕಲಕೋಟದ ಒಂದು ಸಂಬಂಧಕ್ಕೆ ಮೂರನೇ ಸಲ ಹೇಳಿಕಳಿಸಿದ್ದರು. ಅದನ್ನು ಅವಳು ಅವನಿಗೆ ಹೇಳಿರಲಿಲ್ಲ.

ಭಾನುವಾರ ಅವನು ಕುರ್ಚಿಯಲ್ಲಿ ಕೂತ. ಟೀವಿಗೆ ಬೆಡ್‌ಶೀಟು. ಒಂದನೆಯದು ಅವನ ಡಬ್ಬಿ, ಎರಡನೆಯದು ಅದೇ ಒಂಬೈನೂರರ ಡಾಂಗಲ್. ಮೀಟರಿನಲ್ಲಿ ಎರಡೂ ಸಮ. ಅವಳು ಮಡಿಲಲ್ಲಿ ನಾಣ್ಯ ಚಿಮ್ಮಿದಳು.

ಅವನು ಇಷ್ಟು ನಿಶ್ಚಯದಿಂದ ಉತ್ತರ ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಎಡಭುಜ ಇಳಿಯಿತು, ತಬಲಾದ ಅಂಚು ನೋಡು ಹೆಂಗ ಬಿಡಿಸಿ ಬರ್ತದ ಅಂದ, ಇದು ನಂದು ಅಂದ. ಆಗ ಸ್ವಿಚ್ ಡಾಂಗಲಿನ ಕಡೆಗಿತ್ತು. ಹತ್ತು ಸಲ ಆಗುವಷ್ಟರಲ್ಲಿ ಅವಳಿಗೆ ಗೊತ್ತಾಗಿಹೋಗಿತ್ತು: ನಾಲ್ಕು. ಇನ್ನು ಮುಂದಿನ ಹತ್ತೂ ಸರಿ ಬಂದರೆ ಹದಿನಾಲ್ಕು. ಬರಲಿಲ್ಲ. ಪ್ರತಿಸಲ ನಾಣ್ಯ ಚಿಮ್ಮುವಾಗಲೂ ಅವಳು ಮನಸ್ಸಿನಲ್ಲೇ ಬೇಡಿಕೊಂಡಳು, ನಾಣ್ಯವನ್ನೋ ಅವನನ್ನೋ ಅವಳಿಗೇ ತಿಳಿಯದು.

ಹಾಡು ನಿಂತಿತು. ವಡಾಪಾವ್ ಗಾಡಿಯವನ ಎಣ್ಣೆ ಸದ್ದು ಕೇಳಿಸತೊಡಗಿತು.

“ಎಷ್ಟು?” ಅಂದ ಭೀಮು, ತಿರುಗದೆ.

ನೋಟ್‌ಬುಕ್ಕಿನಲ್ಲಿ ಒಂಬತ್ತು ಸರಿಗುರುತು. ಅವನ ಕುತ್ತಿಗೆಯಲ್ಲಿ ಒಂದು ನರ ಬಿಗಿದು ನಿಂತಿತ್ತು. ಅವಳು ಆ ನರವನ್ನು ನೋಡಿದಳು, ಕಲೆಯನ್ನು ನೋಡಿದಳು, ಇನ್ನೆರಡು ವರ್ಷಗಳನ್ನು ನೋಡಿದಳು.

“ಹದಿನೇಳು,” ಅಂದಳು.

ಇಪ್ಪತ್ತು ಅಂದರೆ ಅವನು ನಂಬುತ್ತಿರಲಿಲ್ಲ. ಸುಳ್ಳಿಗೂ ಒಂದು ಮರ್ಯಾದೆ ಬೇಕು.

ಅವನು ತಿರುಗಿದ. ಕಣ್ಣು ತುಂಬಿದ್ದವು. ಅವಳ ಮುಖವನ್ನು ಹುಡುಕಿ ನೋಡಿದ; ಏಳು ವರ್ಷದ ಅಭ್ಯಾಸದ ಆ ಮುಖ ಅವಳ ಮಾತಿಗೆ ಪೂರ್ತಿ ಸಾಕ್ಷಿ ಹೇಳಿತು. ನೋಟ್‌ಬುಕ್ ನೋಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ.

*

ಮುಂದಿನ ಭಾನುವಾರ ಅವನು ಇಸ್ತ್ರಿ ಅಂಗಿ ತೊಟ್ಟು ಪದ್ಮಾವತಿಬಾಯಿಯ ಮುಂದೆ ಕೂತ. ಯಂಕಣ್ಣ ಸಣ್ಣ ದನಿಯಲ್ಲೇ ಮಾತಾಡಲು ಹೋಗಿ, ಮೂರು ಮನೆ ಆಚೆಗೂ ಮದುವೆಯ ಸುದ್ದಿ ಮುಟ್ಟಿತು. ಮೊದಲು ಬಿಗಿಯಾಗಿದ್ದ ತಾಯಿ, ಹುಡುಗ ಚಹಾದ ಲೋಟ ತಾನೇ ಒಳಗೆ ತಂದಿಟ್ಟದ್ದು ನೋಡಿ ಕರಗಿದಳು. ಬೇಸಿಗೆಗೆ ಮದುವೆ ಎಂದಾಯಿತು.

ಡಬ್ಬಿಗಳೂ ಹೋದವು. ಹನ್ನೊಂದು ಮಂದಿ ಕೊಂಡರು, ಮೊದಲನೆಯವರೇ ವೀರಭದ್ರಪ್ಪ. ಹದಿನೇಳು ಬಂದಿದೆಯಂತೆ ಎಂಬ ಮಾತು ಡಬ್ಬಿಗಿಂತ ಮುಂಚೆ ಹೋಗಿ ಮುಟ್ಟುತ್ತಿತ್ತು. ಭೀಮುವಿನ ಕಿವಿ ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ಬಲ್ಲರು. ಅವಳ ಬಾಯಿಯ ಬಗ್ಗೆ ಯಾರೂ ಕೇಳಲಿಲ್ಲ.

ಜನವರಿಯಲ್ಲಿ, ಠಾಣೆ ಪಟ್ಟಣದಲ್ಲಿ ದೊಡ್ಡ ಆಡಿಯೋ ಶೋರೂಮ್ ಇಟ್ಟಿದ್ದ ಧರ್ಮಪಾಲ ಎಂಬುವನಿಂದ ಕರೆ ಬಂತು. ನಲವತ್ತು ಡಬ್ಬಿ ಇಡುತ್ತೇನೆ. ಆದರೆ ನನ್ನ ಗಿರಾಕಿಗಳ ಎದುರಿಗೆ ಆ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಸ್ವಿಚ್ ನನ್ನ ಮನುಷ್ಯ ತಿರುಗಿಸುತ್ತಾನೆ ಅಂದ. ಭೀಮು ಕುಣಿಯುವುದೊಂದು ಬಾಕಿ. ಅವಳು ಬೇಡವೆಂದಳು, ಗದ್ದಲದ ಜಾಗ ಅಂದಳು, ಮದುವೆಯಾದ ಮೇಲೆ ನೋಡಿದರಾಯಿತು ಅಂದಳು. ಹದಿನೇಳು ಬಂದಾದ ಮೇಲೆ ಅಂಜಿಕೆ ಏನು ಎಂದು ಅವನು ನಕ್ಕ.

ಎಂಟು ದಿನ ಅವಳು ಠಾಣೆಯಲ್ಲಿ ಗಾಡಿ ಬದಲಿಸುವಾಗಲೆಲ್ಲ ಅದನ್ನೇ ಕಂಡಳು: ಸಾಲುಸಾಲು ಕುರ್ಚಿ, ಕುರ್ಚಿ ತುಂಬ ಮಂದಿ, ನಡುವೆ ಅವನ ಬೆನ್ನು. ಇನ್ನೊಬ್ಬರ ಬಾಯಿಂದ ಬರುವ ಒಂಬತ್ತು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವಳು ಅಂಗಡಿಗೆ ಬಂದಳು. ಅವನನ್ನು ಕುರ್ಚಿಯಲ್ಲಿ ಕೂರಿಸಿದಳು.

“ಹಾಡು ಹಾಕ್ತೀಯೇನು?” ಅಂದ ಅವನು.

“ಇಲ್ಲ. ತಿರುಗಬ್ಯಾಡ. ನಾ ಹೇಳಿ ಮುಗಿಸೋ ತನಕ ತಿರುಗಬ್ಯಾಡ.”

ಹೇಳಿದಳು. ಮೂರೇ ಮಾತಿನಲ್ಲಿ ಮುಗಿದುಹೋಯಿತು. ಅಷ್ಟು ಸಣ್ಣದೇ ಅದು ಎಂದು ಅವಳಿಗೇ ಆಶ್ಚರ್ಯವಾಯಿತು. ಅವತ್ತು ಟೀವಿಗೆ ಬೆಡ್‌ಶೀಟು ಹೊದಿಸಿರಲಿಲ್ಲ. ಆ ಕಪ್ಪು ಗಾಜಿನಲ್ಲಿ ಅವಳಿಗೆ ಅವನ ಮುಖ ಕಾಣುತ್ತಿತ್ತು. ಅವನಿಗೆ ಅವಳ ಮುಖ. ಒಂದೂವರೆ ವರ್ಷ ಬೆನ್ನು ನೋಡಿಕೊಂಡಿದ್ದ ಜಾಗದಲ್ಲಿ ಈಗ ಕಣ್ಣಿಗೆ ಕಣ್ಣು ಸಿಕ್ಕವು.

ಅವನು ಕೈಯನ್ನು ಹಿಂದಕ್ಕೆ ಚಾಚಿದ. ಅವಳು ನೋಟ್‌ಬುಕ್ ಕೊಟ್ಟಳು. ಸರಿಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದ.

“ಒಂಬತ್ತು,” ಅಂದ. ಇನ್ನೊಮ್ಮೆ ಎಣಿಸಿ, “ನಾಣ್ಯಾಕ್ಕಾದ್ರೂ ಹತ್ತು ಬರ್ತಿದ್ದವು.”

ನಗಲು ನೋಡಿದ. ಆಗಲಿಲ್ಲ.

“ನಿನಗೋಸ್ಕರ ಅಂದೆ,” ಅಂದಳು ಪ್ರಾಜಕ್ತಾ. ಅಂದ ಕೂಡಲೇ ಅದೂ ಪೂರ್ತಿ ನಿಜವಲ್ಲ ಅನ್ನಿಸಿತು. “ನನಗೋಸ್ಕರನೂ. ಇನ್ನೆರಡು ವರ್ಷ ಕಾಯಲಿಕ್ಕೆ ನನ್ನ ಕಡೆ ಆಗ್ತಿರಲಿಲ್ಲ, ಭೀಮು.”

“ಒಂದು ಮಾತು ಹೇಳಿದ್ರ ನಾ ಹಂಗೇ ಬರ್ತಿದ್ದೆ. ಬರೀಗೈಲೆ.”

“ನೀ ಎಲ್ಲಿ ಬರ್ತಿದ್ದಿ?”

ಅವನು ನೋಟ್‌ಬುಕ್ ಮಡಚಿದ. ಇಬ್ಬರಿಗೂ ಗೊತ್ತಿತ್ತು, ಬರುತ್ತಿರಲಿಲ್ಲ.

*

ಅವನು ಅವಳ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮರುದಿನ ಠಾಣೆಗೆ ಹೋಗಿ ಧರ್ಮಪಾಲನಿಗೆ ತಾನೇ ಹೇಳಿದ. ಪರೀಕ್ಷೆ ಬಿಡು, ಮಾಲು ಕಳಿಸು, ಗಿರಾಕಿಗೆ ಏನು ತಿಳಿಯುತ್ತದೆ ಎಂದು ಧರ್ಮಪಾಲ ಭುಜ ತಟ್ಟಿದನಂತೆ. ಭೀಮು ಕಳಿಸಲಿಲ್ಲ. ಹನ್ನೊಂದು ಮಂದಿಗೂ ಫೋನ್ ಮಾಡಿ, ಹದಿನೇಳು ಸುಳ್ಳು, ಡಬ್ಬಿ ವಾಪಸ್ ತರಬಹುದು ಎಂದ. ಯಾರು ಲೆಕ್ಕ ತಪ್ಪಿ ಹೇಳಿದರು ಎಂದು ಕೇಳಿದವರಿಗೆ, ನಂದೇ ತಪ್ಪು ಅಂದ. ಹತ್ತು ಡಬ್ಬಿ ತಿರುಗಿ ಬಂದವು. ವೀರಭದ್ರಪ್ಪ ಮಾತ್ರ ಕೊಡಲು ಒಪ್ಪಲಿಲ್ಲ. ನಿಮ್ಮ ಲೆಕ್ಕ ನಿಮ್ಮ ಹತ್ರ ಇಟ್ಕೊಳ್ರಿ, ಹಾಡಾಕಿ ನಮ್ಮನ್ಯಾಗ ಬಂದು ಕುಂತಾಳ, ಎಬ್ಬಿಸಿ ಕಳಸೂದಿಲ್ಲ ಅಂದರಂತೆ.

ಕೊನೆಗೆ ಪದ್ಮಾವತಿಬಾಯಿಯ ಹತ್ತಿರ ಬಂದು, ಮದುವೆ ಈಗ ಬೇಡ ಅಂದ. ತನ್ನ ಕೈಯಲ್ಲಿ ಕಸುಬಿಲ್ಲ ಎಂದಷ್ಟೇ ಕಾರಣ ಕೊಟ್ಟ. ಬಾಗಿಲ ತನಕ ಬಂದ ಪ್ರಾಜಕ್ತಾಗೆ ಮಾತ್ರ, ಚಪ್ಪಲಿ ಮೆಟ್ಟುತ್ತ, ಬೇರೆ ಹೇಳಿದ:

“ನಾಳೆ ನೀ ಚೊಲೋ ಆಗೇದ ಅಂದ್ರ, ಅದು ಚೊಲೋನೇ ಆಗೇದೋ, ನನ್ನ ಮಾರಿ ನೋಡಿ ಅಂದೀಯೋ, ನಾ ಹೆಂಗ ತಿಳ್ಕೋಬೇಕು? ಸ್ವಿಚ್ ತಿರುವಾಕ ಮೂರನೇದವರನ್ನ ಮನ್ಯಾಗ ಇಟ್ಕೊಂಡು ಸಂಸಾರ ಮಾಡಾಕ ಬರ್ತದೇನು, ಪ್ರಾಜೂ?”

ಬಾಯಿಗೆ ಬಂದ ಮರಾಠಿಯನ್ನೂ ಹಿಂದಿಯನ್ನೂ ಅವಳು ನುಂಗಿಕೊಂಡಳು. ಕನ್ನಡದಲ್ಲಿ ಏನೂ ಹೊಳೆಯಲಿಲ್ಲ. ಅವನು ಮೆಟ್ಟಿಲಿಳಿದು ಹೋದ. ಬೆನ್ನು ಅವಳಿಗೆ ಬಾಯಿಪಾಠವಾಗಿತ್ತು. ಆ ಹೊತ್ತಿನಲ್ಲಿ ಅದು ಅಳುತ್ತಿತ್ತು ಎಂದು ಓದಲು ಅವಳಿಗೆ ಬರುತ್ತಿತ್ತು.

*

ಮಾರ್ಚಿನ ಒಂದು ಬೆಳಿಗ್ಗೆ, ಹನ್ನೆರಡನೇ ಟೋಕನ್ ಕರೆದಾಗ ಭೀಮು ಒಳಗೆ ಬಂದ.

ಅಂಗಡಿ ಬಿಟ್ಟುಕೊಟ್ಟು ಕಳಂಬೋಲಿಯ ಅಪ್ಪನ ಕೋಣೆಗೆ ಹೋಗಿದ್ದಾನೆಂದು ಅವಳು ಕೇಳಿದ್ದಳು. ನಾಡಿದ್ದು ಹುಬ್ಬಳ್ಳಿಗೆ ಹೊರಡುತ್ತೇನೆ, ಅಲ್ಲೊಂದು ಮೀಟರ್ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ ಸಿಕ್ಕಿದೆ ಎಂದ. ಮುಳ್ಳು ನೋಡಿ ಬರೆಯುವುದು, ಕಿವಿಯ ಹಂಗಿಲ್ಲ.

“ಡಬ್ಬೀನ ಸರಿ ಇಲ್ಲೋ, ಕಿವೀನ ಸರಿ ಇಲ್ಲೋ, ಅಷ್ಟು ತಿಳ್ಕೊಂಡು ಹೋಗಬೇಕು ಅನಿಸ್ತು.”

“ಡಬ್ಬೀದು ನನಗ ಗೊತ್ತಿಲ್ಲ. ಕಿವೀದು ಹೇಳಬಹುದು,” ಅಂದಳು. ಬೇಕಿದ್ದರೆ ಬೇರೆಯವರಿಂದ ಮಾಡಿಸುತ್ತೇನೆ ಎಂದೂ ಸೇರಿಸಿದಳು.

ಅವನು ತಲೆಯಾಡಿಸಿದ. ಬೇರೆಯವರು ಬೇಡ.

ಗಾಜಿನ ಕೋಣೆಯಲ್ಲಿ ಅವನು ಅವಳಿಗೆ ಬೆನ್ನು ಮಾಡಿ ಕೂತ. ಹೆಡ್‌ಫೋನ್ ಇಡುವಾಗ ಅವಳ ಬೆರಳು ಬಲಗಿವಿಯ ಕೆಳಗಿನ ಕಲೆಗೆ ತಾಗಿತು. ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಸುಮ್ಮನೆ ಚರ್ಮದಂತಿತ್ತು.

ಅವಳು ತನ್ನ ಕುರ್ಚಿಗೆ ಬಂದು ನಾದ ಬಿಟ್ಟಳು. ದೀಪ ಹತ್ತಿತು. ಐನೂರು, ಸಾವಿರ, ಎರಡು ಸಾವಿರ. ಒಂದಾದ ಮೇಲೊಂದು ತಕ್ಷಣ ಹತ್ತಿತು, ಅಪ್ಪನಂತೆ ಗಂಟೆ ಬಾರಿಸದೆ, ನಿಖರವಾಗಿ, ಕಸುಬಿನವನ ಹಾಗೆ. ಅವಳ ಎದೆಯೊಳಗೆ ಒಂದು ಆಸೆ ತಲೆಯೆತ್ತಿತು. ಆಮೇಲೆ ನಾಲ್ಕು ಸಾವಿರ. ದೀಪ ಹತ್ತಲಿಲ್ಲ. ಏರಿಸಿದಳು. ಹತ್ತಲಿಲ್ಲ. ಅವನ ಕತ್ತು ಬಲಕ್ಕೆ ವಾಲಿತು, ಹುಡುಕುತ್ತಿದ್ದ. ಇನ್ನೂ ಏರಿಸಿದಳು, ಅವಳಿಗಾದರೆ ಕಿವಿ ಮುಚ್ಚಿಕೊಳ್ಳುವಷ್ಟು. ಆಗ ಹತ್ತಿತು, ತಡವಾಗಿ, ಅಂಜುತ್ತ.

ಎರಡು ವರ್ಷದ ಹಿಂದೆಯೇ ಒಂದು ಮಾತು ಒತ್ತಿ ಹೇಳಿ ಈ ಕುರ್ಚಿಯಲ್ಲಿ ಕೂರಿಸಬಹುದಿತ್ತು. ಹೇಳದೆ ಉಳಿದದ್ದು ಹೇಳಿದ ಹದಿನೇಳಕ್ಕಿಂತ ದೊಡ್ಡದು ಎಂದು ಅವಳಿಗೆ ಅನ್ನಿಸಿತು.

ಚಾರ್ಟಿನಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಎಲ್ಲಿ ಬಿತ್ತೋ ಅಲ್ಲೇ ಬರೆದಳು. ಪೆನ್ನನ್ನು ಒಂದು ಗೆರೆ ಮೇಲಕ್ಕೆ ಸರಿಸುವುದು ಎಷ್ಟು ಸುಲಭ. ಸರಿಸಲಿಲ್ಲ. ಚುಕ್ಕೆಗಳನ್ನು ಸೇರಿಸಿದಾಗ ಯಂಕಣ್ಣನ ಗೆರೆಯೇ ಮತ್ತೆ ಕಾಗದದ ಮೇಲೆ ಬಂದು ಕೂತಿತು, ಬಾವಿ ಮಾತ್ರ ಅಷ್ಟು ಆಳವಿರಲಿಲ್ಲ.

ಗಾಜಿನ ಕೋಣೆಯ ಮೈಕಿನಿಂದ ಅವನ ದನಿ ಬಂತು.

“ಖರೆ ಬರದಿ?”

ಅವಳು ತನ್ನ ಮೈಕಿನ ಗುಂಡಿ ಒತ್ತಿದಳು. “ಖರೆ ಬರದೀನಿ.”

ಅವನ ಬೆನ್ನು ಅಲುಗಲಿಲ್ಲ.

“ಅಪ್ಪನ ಹಂಗ?”

“ಹೌದು. ಅಪ್ಪಾರಷ್ಟು ಇಲ್ಲ. ಆದ್ರ ಹಂಗೇ.”

“ಆತು. ಕಡೀಕೊಮ್ಮಿ ಇನ್ನೊಂದು ಹಾಕು. ಕೇಳಿ ಏಳ್ತೀನಿ.”

ಅವಳು ನಾದದ ಗುಂಡಿಯ ಮೇಲೆ ಬೆರಳಿಟ್ಟಳು. ಕೇಳಿಸುವಂಥ ಒಂದು, ಸಾವಿರದ್ದು, ಸಣ್ಣಗೆ. ಒತ್ತಲಾಗಲಿಲ್ಲ. ಒತ್ತಿದರೆ ಅವನು ಕೇಳಿ ಏಳುತ್ತಾನೆ. ಎರಡೂ ಕೈಗಳನ್ನು ದುಪಟ್ಟಾದ ಮಡಿಲಿಗೆ ತೆಗೆದುಕೊಂಡು, ಅವನ ಎಡಭುಜವನ್ನೇ ನೋಡುತ್ತ ಕೂತಳು.

ಭುಜ ತುಸು ಇಳಿಯಿತು. ದೀಪ ಹತ್ತಿತು.

ಅಂಥಾದ್ದನ್ನು ಬರೆಯುವಂತಿಲ್ಲ. ಅವಳು ಬರೆಯಲಿಲ್ಲ. ಅದು ಆರುವ ತನಕ ನೋಡಿದಳು.